ಬುದ್ಧಿಹಲ್ಲಿನ ಥೀಸಿಸ್: ಸ್ಪ್ಲಿಟ್-ಮೌತ್ ಮೇಲೋ, ಪ್ಯಾರಲಲ್ ಮೇಲೋ?

ಹಾಸನದಲ್ಲಿ ಓರಲ್ ಸರ್ಜರಿ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡುತ್ತಾ ಕೆಳಬುದ್ಧಿಹಲ್ಲಿನ ಮೇಲೆ ಟ್ರಯಲ್ ಮಾಡಬೇಕೆಂದಿದ್ದರೆ ಮೊದಲ ಪ್ರಶ್ನೆ ಇದೇ.

ಸ್ಪ್ಲಿಟ್-ಮೌತ್‌ನಲ್ಲಿ ಒಬ್ಬರದೇ ಎಡಕ್ಕೆ ಒಂದು ಚಿಕಿತ್ಸೆ, ಬಲಕ್ಕೆ ಇನ್ನೊಂದು. ವಯಸ್ಸು, ಸಿಗರೇಟು, ನೋವು ತಾಳುವ ಶಕ್ತಿ ಎಲ್ಲ ಎರಡೂ ಕಡೆಗೆ ಒಂದೇ ಆದ್ದರಿಂದ ಕಡಿಮೆ ಜನ ಸಾಕು. ಕೇಳೋಕೆ ಚೆನ್ನಾಗಿದೆ. ಆದರೆ ಎರಡೂ ಕಡೆ ಒಂದೇ ಕೋನದಲ್ಲಿ, ಒಂದೇ ಆಳದಲ್ಲಿ ಹೂತ ಹಲ್ಲಿರುವವರು ಸಿಗಬೇಕು. ಮೊದಲ ಹಲ್ಲು ಕಿತ್ತ ಮೇಲೆ ಅವರು ಎರಡನೆಯದಕ್ಕೂ ಬರಬೇಕು. ಕಾಫಿ ಕೊಯ್ಲಿನ ಹೊತ್ತಿಗೆ ಸಕಲೇಶಪುರದ ತೋಟದಿಂದ ಯಾರು ಬರುತ್ತಾರೆ, ನೀವೇ ಹೇಳಿ! ಬಾರದಿದ್ದರೆ ಜೋಡಿ ಮುರಿಯಿತು.

ಪ್ಯಾರಲಲ್‌ನಲ್ಲಿ ರೋಗಿಗಳದ್ದೇ ಎರಡು ಗುಂಪು, ಒಬ್ಬರಿಗೆ ಒಂದೇ ಚಿಕಿತ್ಸೆ. ಜನ ಹೆಚ್ಚು ಬೇಕು, ಉಳಿದದ್ದು ಸಲೀಸು.

ನಿರ್ಧರಿಸಬೇಕಾದದ್ದು ಚಿಕಿತ್ಸೆ ಯಾವುದೆಂದು ನೋಡಿ. ಪಿಆರ್‌ಎಫ್ (ರೋಗಿಯ ರಕ್ತದಿಂದಲೇ ಮಾಡುವ, ಗಾಯ ಮಾಗಿಸುವ ಫೈಬ್ರಿನ್ ಪದರ) ಹಲ್ಲಿನ ಗುಳಿಯಲ್ಲೇ ಇರುತ್ತದೆ, ಸ್ಪ್ಲಿಟ್-ಮೌತ್ ಒಪ್ಪುತ್ತದೆ. ಊತ ಇಳಿಸುವ ಸ್ಟಿರಾಯ್ಡ್ ಡೆಕ್ಸಾಮೆಥಸೋನ್ ರಕ್ತಕ್ಕೆ ಸೇರಿ ಇಡೀ ಮೈ ತಲುಪುತ್ತದೆ. ಎರಡೂ ಕಡೆ ಒಂದೇ ದಿನ ಕಿತ್ತರೆ ಹೋಲಿಕೆಯೇ ಇಲ್ಲ, ನಡುವೆ ಸಾಕಷ್ಟು ವಾರ ಬಿಡಬೇಕು. ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸುವುದೂ ಹಾಗೇ, ಎರಡೂ ಕಡೆಗೆ ತಗಲುತ್ತದೆ.

ಸ್ಪ್ಲಿಟ್-ಮೌತ್ ಮಾಡಿ ಲೆಕ್ಕದಲ್ಲಿ ಜೋಡಿಯನ್ನು ಮರೆಯುವವರೂ ಇದ್ದಾರೆ. ಡ್ರೈ ಸಾಕೆಟ್ (ಗುಳಿಯ ರಕ್ತದ ಗಡ್ಡೆ ಹೋಗಿ ನೋಯುವುದು) ಆಯಿತೇ ಇಲ್ಲವೇ ಎಂಬುದಕ್ಕೆ ಸಂಖ್ಯಾಶಾಸ್ತ್ರದ ಮಾಮೂಲಿ ಕೈ-ಸ್ಕ್ವೇರ್ ಪರೀಕ್ಷೆ ಅಲ್ಲ, ಜೋಡಿ ಲೆಕ್ಕಕ್ಕಿರುವ ಮೆಕ್‌ನೆಮಾರ್ ಪರೀಕ್ಷೆ.

ನನ್ನನ್ನು ಕೇಳಿದರೆ, ಮಲೆನಾಡಿನ ರೋಗಿಗಳಿಗೆ ಪ್ಯಾರಲಲ್. ಯಾವುದೇ ಆಗಲಿ, ಎಥಿಕ್ಸ್ ಕಮಿಟಿ ಒಪ್ಪಿಗೆ ಮತ್ತು ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ವ್ಯವಸ್ಥೆ) ನೋಂದಣಿ ಮೊದಲ ರೋಗಿಗಿಂತ ಮುಂಚೆಯೇ ಆಗಬೇಕು. 2018ರ ಏಪ್ರಿಲ್‌ನಿಂದ ಆಮೇಲೆ ನೋಂದಾಯಿಸುವ ದಾರಿ ಮುಚ್ಚಿದೆ.