ಗ್ಯಾಸ್ ಹಾಕಿಸಿದ್ರೆ ಸಾಕು ಅಂದುಕೊಂಡಿದ್ದೆ: ಹಳೇ ಕಾರಿನ ಎಸಿ, ಮೂರು ಬೇಸಿಗೆ ಆದಮೇಲೆ

ಎಸಿ ರಿಪೇರಿ ಮಾಡಿಸಿದ ಮರುದಿನ ಯಾರ ಕಾರಾದರೂ ತಂಪಾಗೇ ಇರುತ್ತೆ, ಅದಕ್ಕೇ ಆಗ ಬರೆಯಲಿಲ್ಲ. ಈಗ ಮೂರು ಬೇಸಿಗೆ ಕಳೆದಿದೆ.

ಕಾರು ಮಾವನವರದು, 2006ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಲಾಕ್‌ಡೌನ್ ಕಾಲದಲ್ಲಿ ಪುಣೆ ಕೋಥ್ರೂಡ್‌ನ ನಮ್ಮ ಸೊಸೈಟಿಯ ಬೇವಿನ ಮರದ ಕೆಳಗೆ ಸುಮ್ನೆ ನಿಂತಿತ್ತು. 2022ರ ಬೇಸಿಗೆಯಲ್ಲಿ ಎಸಿ ಹಾಕಿದರೆ ಬರೀ ಬಿಸಿಗಾಳಿ, ಜೊತೆಗೆ ಒದ್ದೆ ಗೋಣಿಚೀಲದ ವಾಸನೆ. ಮನೆ ಹತ್ತಿರ ಒಬ್ಬರ ಬಳಿ 1,500 ರೂಪಾಯಿ ಕೊಟ್ಟು ಗ್ಯಾಸ್ ತುಂಬಿಸಿದೆ. ಹದಿನೆಂಟು ದಿನ ತಂಪಿತ್ತು. ಮತ್ತೆ ಹೋದರೆ ಮತ್ತೆ ಗ್ಯಾಸ್ ಅಂದರು, ನಾನೂ ಹಾಕಿಸಿದೆ. ನನ್ನ ದಡ್ಡತನ, ಯಾರನ್ನೂ ಬೈಯೋ ಹಾಗಿಲ್ಲ.

ಆಮೇಲೆ ಸಿಕ್ಕಿದ್ದು ನಾನಾ ಪೇಠೆ ಕಡೆಯ ಒಂದು ಸಣ್ಣ ವರ್ಕ್‌ಶಾಪ್. ಮೆಕ್ಯಾನಿಕ್ ವಿಜಯಪುರದ ಕಡೆಯವರು. ನನ್ನ ಮುರುಕು ಮರಾಠಿ ಕೇಳಿ ಅವರೇ ಕನ್ನಡ ಶುರು ಮಾಡಿದರು. "ಗ್ಯಾಸ್ ಖರ್ಚ ಆಗೂದಿಲ್ಲರಿ ಸರ್, ಅದೇನ ಪೆಟ್ರೋಲಾ? ಹೋಗೇತಿ ಅಂದ್ರ ಎಲ್ಲೋ ತೂತ ಐತಿ." ಈ ಒಂದು ಮಾತಿಗೇ ನಾನು ಅರ್ಧ ದುಡ್ಡು ಕೊಡೋಕೆ ತಯಾರಿದ್ದೆ.

ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿದರು. ಕಂಡೆನ್ಸರ್‌ನ (ಕಾರಿನ ಮುಂಭಾಗದಲ್ಲಿ ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಕೆಳಮೂಲೆಯಲ್ಲಿ ಗುಳ್ಳೆ ಬಂತು. ಅಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದು ಮೊದಲೇ ಕಾಣುತ್ತಿತ್ತು, ನಾನೇ ಬಗ್ಗಿ ನೋಡಿರಲಿಲ್ಲ. ಪೈಪಿನ ಜಾಯಿಂಟ್‌ಗಳಲ್ಲಿ ಓ-ರಿಂಗ್ ಒಣಗಿ ಗಟ್ಟಿಯಾಗಿದ್ದವು. ಗ್ಯಾಸನ್ನು ಒತ್ತಿ ತಳ್ಳುವ ಪಂಪು, ಅಂದರೆ ಕಂಪ್ರೆಸರ್, ಅದರ ಎಣ್ಣೆ ಗ್ಯಾಸ್ ಜೊತೆಗೇ ಸುತ್ತಾಡುತ್ತೆ, ತಿಂಗಳುಗಟ್ಟಲೆ ಎಸಿ ಹಾಕದಿದ್ದರೆ ರಬ್ಬರ್ ಸೀಲ್‌ಗೆ ಎಣ್ಣೆಯೇ ತಲುಪಲ್ಲ. ಚಳಿಗಾಲದಲ್ಲೂ ವಾರಕ್ಕೆ ಹತ್ತು ನಿಮಿಷ ಎಸಿ ಹಾಕಿ ಅಂತ ಅವರು ಹೇಳಿದ್ದು ಅದಕ್ಕೇ. ಡ್ಯಾಶ್‌ಬೋರ್ಡ್ ಕೆಳಗೆ ಬಿಚ್ಚಿದರೆ ಕೂಲಿಂಗ್ ಕಾಯಿಲ್ ಮೇಲೆ ಬೇವಿನೆಲೆ, ಇಲಿ ಕಡಿದ ಹತ್ತಿ, ಡ್ರೈನ್ ಪೈಪ್ ಪೂರ್ತಿ ಬಂದ್. ಈ ಕಾರಿಗೆ ಕ್ಯಾಬಿನ್ ಫಿಲ್ಟರೇ ಇಲ್ಲ, ಎಲ್ಲ ನೇರ ಒಳಗೆ.

ಹೊಸ ಕಂಡೆನ್ಸರ್, ಹೊಸ ಡ್ರೈಯರ್, ಓ-ರಿಂಗ್, ಎಣ್ಣೆ, ಕಾಯಿಲ್ ಕ್ಲೀನಿಂಗ್. ಡ್ರೈಯರ್ ಬಿಟ್ಟು ದುಡ್ಡು ಉಳಿಸೋಣವಾ ಅಂತ ಕೇಳಿದ್ದೆ. ಅದು ಸಿಸ್ಟಮ್ ಒಳಗಿನ ತೇವ ಹೀರುವ ಡಬ್ಬಿ. ಪೈಪ್ ಬಿಚ್ಚಿಟ್ಟರೆ ಹೊರಗಿನ ಗಾಳಿಯ ತೇವವನ್ನೇ ಹೀರಿ ತುಂಬಿಹೋಗುತ್ತೆ, ಅದಕ್ಕೇ ಅದನ್ನು ಬದಲಿಸಲೇಬೇಕು. ನಂತರ ಪೈಪಿನೊಳಗಿನ ಗಾಳಿ, ತೇವ ಹೋಗೋಕೆ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದು, ಅದು ಇಳಿಯುತ್ತಾ ಅಂತ ಕಾದು ನೋಡಿ, ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಆರ್-134ಎ ಗ್ಯಾಸನ್ನು ತಕ್ಕಡಿ ಇಟ್ಟು ತೂಗಿ ಹಾಕಿದರು. ಮೊದಲಿನವರು ತೂಗಿದ್ದನ್ನು ನಾನು ನೋಡೇ ಇಲ್ಲ. ಒಟ್ಟು 11,600 ಆಯಿತು.

ಏಪ್ರಿಲ್ ಮಧ್ಯಾಹ್ನ, ಹೊರಗೆ 39 ಡಿಗ್ರಿ ಇದ್ದಾಗ ಅಡುಗೆಮನೆಯ ಥರ್ಮಾಮೀಟರನ್ನು ವೆಂಟ್‌ಗೆ ಸಿಕ್ಕಿಸಿ ನೋಡಿದೆ (ಹೆಂಡತಿ ಇನ್ನೂ ಕ್ಷಮಿಸಿಲ್ಲ). ಓಡುವಾಗ 8 ತೋರಿಸಿತು, ಸಿಗ್ನಲ್‌ನಲ್ಲಿ ನಿಂತರೆ 14. 2023ರಲ್ಲಿ ಸಿಗ್ನಲ್‌ನಲ್ಲಿ ಪೂರ್ತಿ ಬಿಸಿಯಾಗತೊಡಗಿತು. ಗ್ಯಾಸ್ ಹೋಯ್ತಾ ಅಂತ ಎದೆ ಧಸಕ್ ಅಂತು, ನೋಡಿದರೆ ಕಂಡೆನ್ಸರ್ ಮುಂದಿನ ಹಳೇ ಫ್ಯಾನ್ ಸುಸ್ತಾಗಿತ್ತು, ಓಡುವಾಗ ಗಾಳಿ ತಾನಾಗಿ ಬಡಿಯೋದರಿಂದ ಗೊತ್ತಾಗುತ್ತಿರಲಿಲ್ಲ. ಇದನ್ನು ಮೊದಲ ಸಲವೇ ನೋಡಬೇಕಿತ್ತು ಅನ್ನೋದು ನನ್ನ ದೂರು. ಇನ್ನೊಂದು ದೂರು, ಎರಡು ದಿನ ಅಂತ ಹೇಳಿ ಆರು ದಿನ ಇಟ್ಟುಕೊಂಡರು, ಡ್ಯಾಶ್‌ಬೋರ್ಡ್‌ನ ಒಂದು ಕ್ಲಿಪ್ ಕಳೆದರು, ಅದು ಇವತ್ತಿಗೂ ಗಡಗಡ ಅನ್ನುತ್ತೆ.

ಗ್ಯಾಸ್ ಮಾತ್ರ ಇಲ್ಲಿಯವರೆಗೆ ಮತ್ತೆ ಹಾಕಿಸಿಲ್ಲ. ಮಳೆಗಾಲದಲ್ಲಿ ಎಸಿಯ ಬೆಲೆ ಇನ್ನೂ ಜಾಸ್ತಿ ಗೊತ್ತಾಗುತ್ತೆ, ಮುಂದಿನ ಗಾಜಿನ ಮಂಜು ಒಂದೇ ನಿಮಿಷದಲ್ಲಿ ಹೋಗುತ್ತೆ, ಮೊದಲು ಬಟ್ಟೆ ಹಿಡಿದು ಒರೆಸುತ್ತಾ ಓಡಿಸುತ್ತಿದ್ದೆವು. ಬೆಳಗಾವಿಗೆ ಹೋಗುವಾಗ ಖಂಬಾಟ್ಕಿ ಘಾಟ್ ಹತ್ತೋಕೆ ಮಾತ್ರ ಎಸಿ ಆಫ್ ಮಾಡಲೇಬೇಕು, ಇಷ್ಟು ಸಣ್ಣ ಎಂಜಿನ್‌ಗೆ ಎರಡೂ ಕೆಲಸ ಆಗಲ್ಲ.

ಆ ವರ್ಕ್‌ಶಾಪ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಈಗ ಕಂಪ್ರೆಸರ್ ಕ್ಲಚ್‌ನ ಬೇರಿಂಗ್ ಸಣ್ಣಗೆ ಗುರ್ ಅನ್ನುತ್ತಿದೆ, ದೀಪಾವಳಿಗೆ ಊರಿಗೆ ಹೊರಡುವ ಮುಂಚೆ ಅಲ್ಲೇ ತೋರಿಸಬೇಕು. ಈ ಸಲ ಕ್ಲಿಪ್ ನಾನೇ ಜೇಬಿನಲ್ಲಿ ಇಟ್ಟುಕೊಳ್ತೀನಿ.