ಎಕ್ಸಾಂಪ್: ನಾಲ್ಕು ವರ್ಷದ ಬಳಕೆಯ ನಂತರ

ನಮ್ಮ ಶಿರಸಿ ಕಡೆ ಮಳೆ ಹಿಡಿಯಿತೆಂದರೆ ಮೊದಲು ಕೈಕೊಡುವುದು ನೆಟ್‌ವರ್ಕ್. ಆಗಲೂ ನನ್ನ ವೆಬ್‌ಸೈಟ್ ಕೆಲಸ ನಿಲ್ಲುವುದಿಲ್ಲ. ವೆಬ್‌ಪುಟಗಳನ್ನು ಒದಗಿಸುವ ಸರ್ವರನ್ನು ಎಕ್ಸಾಂಪ್ (XAMPP) ಎಂಬ ತಂತ್ರಾಂಶದ ಕಟ್ಟು ನನ್ನ ಲ್ಯಾಪ್‌ಟಾಪ್‌ನೊಳಗೇ ನಡೆಸುತ್ತದೆ. 4 ಜಿಬಿ ರ್‍ಯಾಮ್‌ನ ಹಳೆಯ ಯಂತ್ರ ಅದು. ಪ್ರತಿ ಯೋಜನೆಗೂ ಬೇರೆ ಬೇರೆ ಆವರಣ ಕಟ್ಟಿಕೊಡುವ ಕಂಟೇನರ್ ಗಿಂಟೇನರ್ ಎಲ್ಲ ಅದಕ್ಕೆ ಹೊರಲಾರದ ಹೊರೆ. ಹೊಸದು ಕೊಳ್ಳುವಷ್ಟು ದುಡ್ಡೂ ನನ್ನಲ್ಲಿಲ್ಲ. ಎಕ್ಸಾಂಪ್ ಉಚಿತ.

ಬೆಳಿಗ್ಗೆ ಚಹಾದ ಲೋಟ ಪಕ್ಕಕ್ಕಿಟ್ಟು ಕಂಟ್ರೋಲ್ ಪ್ಯಾನೆಲ್ ತೆರೆಯುತ್ತೇನೆ. ವೆಬ್ ಸರ್ವರ್ ಆದ ಅಪಾಚೆಯ ಎದುರಿನ ಸ್ಟಾರ್ಟ್ ಒತ್ತಿದರೆ ಹೆಸರಿನ ಹಿಂದಿನ ಬಣ್ಣ ಹಳದಿಯಾಗಿ, ಆಮೇಲೆ ತಿಳಿಹಸಿರಾಗುತ್ತದೆ. ನಂತರ ಡೇಟಾಬೇಸ್ ನಡೆಸುವ ಮೈಎಸ್‌ಕ್ಯೂಎಲ್. (ಹೆಸರು ಹಳೆಯದೇ, 2015ರಿಂದ ಒಳಗಿರುವುದು ಅದರಿಂದಲೇ ಕವಲೊಡೆದ ಮಾರಿಯಾಡಿಬಿ.) ಎರಡೂ ಹಸಿರಾದವೆಂದರೆ ದಿನ ಶುರು. ವೆಬ್‌ಸೈಟಿನ ಕಡತಗಳನ್ನಿಡುವ ಎಚ್‌ಟಿಡಾಕ್ಸ್ ಫೋಲ್ಡರಿನ ಕಡತದಲ್ಲಿ ಒಂದು ಸಾಲು ತಿದ್ದಿ, ಉಳಿಸಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ (ಅಂದರೆ ಇದೇ ಲ್ಯಾಪ್‌ಟಾಪ್) ಪುಟವನ್ನು ಮತ್ತೆ ತೆರೆದರೆ ಬದಲಾವಣೆ ಕಣ್ಣೆದುರಿಗೆ. ಈ ಸುಖ ಇಂದಿಗೂ ಹಳತಾಗಿಲ್ಲ.

ಆದರೆ ಕಳೆದ ಜುಲೈನ ಒಂದು ಸಂಜೆಯನ್ನು ಮರೆಯಲಾರೆ. ಬ್ಯಾಟರಿ ಮೊದಲೇ ಸತ್ತಿತ್ತು, ಕರೆಂಟು ಹೋಯಿತು, ಲ್ಯಾಪ್‌ಟಾಪ್ ಪಕ್ಕನೆ ಆರಿತು. ಮರುದಿನ ಡೇಟಾಬೇಸ್ ಏಳಲೇ ಇಲ್ಲ. ಪ್ಯಾನೆಲ್ಲಿನ ಕೆಳಗೆ ಕೆಂಪು ಸಾಲುಗಳು ಒಂದರ ಮೇಲೊಂದು. ಊರಿನ ಗ್ರಂಥಾಲಯಕ್ಕಾಗಿ ಎರಡು ತಿಂಗಳು ಕೂತು ತುಂಬಿಸಿದ ಪುಸ್ತಕಗಳ ಪಟ್ಟಿ ಅದರೊಳಗಿತ್ತು. ಕೈಕಾಲು ತಣ್ಣಗಾಯಿತು.

ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗದಿದ್ದುದೇ ಪುಣ್ಯ. ಮೈಎಸ್‌ಕ್ಯೂಎಲ್ ಫೋಲ್ಡರಿನೊಳಗಿನ 'ಡೇಟಾ'ದ ಹೆಸರನ್ನು ಬದಲಿಸಿ ಹಾಗೆಯೇ ಕಾಪಾಡಿಕೊಂಡೆ. ಎಕ್ಸಾಂಪ್ ಜೊತೆಗೇ ಬಂದು ಅಲ್ಲೇ ಇರುವ 'ಬ್ಯಾಕಪ್' ಫೋಲ್ಡರಿನ ಪ್ರತಿ ತೆಗೆದು ಅದಕ್ಕೆ 'ಡೇಟಾ' ಎಂದು ಹೆಸರಿಟ್ಟೆ. ಹಳೆಯದರಿಂದ ನನ್ನ ಡೇಟಾಬೇಸಿನ ಫೋಲ್ಡರನ್ನೂ 'ಐಬಿಡೇಟಾ1' ಕಡತವನ್ನೂ ತಂದು ಅದಕ್ಕೆ ಸೇರಿಸಿದೆ. ಆ 'ಐಬಿಡೇಟಾ1' ಬಿಟ್ಟುಹೋದರೆ ಕೋಷ್ಟಕಗಳ ಹೆಸರು ಕಂಡರೂ ಒಳಗಿನ ಮಾಹಿತಿ ತೆರೆಯುವುದಿಲ್ಲ. ಸ್ಟಾರ್ಟ್ ಒತ್ತಿದೆ. ಹಳದಿ. ಉಸಿರು ಬಿಗಿಹಿಡಿದೆ. ಹಸಿರು!

ಕಲಿಯುವವರಿಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ. ಆದರೆ ಡೇಟಾಬೇಸಿನ ಎಲ್ಲ ಅಧಿಕಾರವಿರುವ ರೂಟ್ ಖಾತೆಗೆ ಮೊದಲಿನಿಂದ ಪಾಸ್‌ವರ್ಡ್ ಇರುವುದಿಲ್ಲ, ಹಾಗಾಗಿ ಇದನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಲೇಬೇಡಿ. ಡೇಟಾಬೇಸನ್ನು ಸ್ಟಾಪ್ ಒತ್ತಿ ನಿಲ್ಲಿಸದೆ ಲ್ಯಾಪ್‌ಟಾಪ್ ಮುಚ್ಚಬೇಡಿ. ನಾನಂತೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಡೇಟಾಬೇಸನ್ನು ಬ್ರೌಸರಿನಲ್ಲೇ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್‌ನಿಂದ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕುತ್ತೇನೆ. ಎರಡು ನಿಮಿಷದ ಕೆಲಸ. ಆಮೇಲೆ ಕರೆಂಟು ಹೋದರೂ ನಿದ್ದೆ ಬರುತ್ತದೆ.