ಬೆಟ್ಟದ ನೆಲ್ಲಿ, ತೋಟದ ನೆಲ್ಲಿ: ಚಟ್ಟಿಗೆ ಯಾವುದು, ಮೊರಬ್ಬಕ್ಕೆ ಯಾವುದು?

ಕಾರ್ತಿಕ ಬಂತೆಂದರೆ ಕಲಬುರಗಿಯ ಕಣ್ಣಿ ಮಾರ್ಕೆಟ್ಟಿನಲ್ಲಿ ಎರಡು ನೆಲ್ಲಿಗಳು ಎದುರುಬದುರಾಗುತ್ತವೆ. ತಕ್ಕಡಿಯಲ್ಲಿ ತೂಗಿ ಮಾರುವುದು ತೋಟದ ಕಾಯಿ: ಎನ್‌ಎ-7, ಚಕೈಯಾದಂಥ ಕಸಿ ತಳಿಗಳು, ಒಂದೊಂದೂ 30–40 ಗ್ರಾಂ. ಗೋಣಿಚೀಲದ ಮೇಲೆ ಗುಡ್ಡೆ ಹಾಕಿ ಮಾರುವುದು ಚಿಂಚೋಳಿ ಕಡೆಯ ಬೆಟ್ಟದ ನೆಲ್ಲಿ: ಗೋಲಿಗಿಂತ ತುಸು ದಪ್ಪ, ಕೆಲವದರ ಮೇಲೆ ಕೆಂಪು ಛಾಯೆ. ಎರಡನ್ನೂ ತಂದು ಒಂದೇ ಅಡುಗೆಮನೆಯಲ್ಲಿ ಪರೀಕ್ಷಿಸಿದ್ದೇನೆ.

ಹಸಿಯಾಗಿ ತಿನ್ನುವುದಾದರೆ ಚರ್ಚೆಯೇ ಬೇಡ. ಬೆಟ್ಟದ್ದು ಮೊದಲು ಒಗರಿನಿಂದ ನಾಲಿಗೆಯನ್ನು ಹಿಡಿದೆಳೆಯುತ್ತದೆ. ಮೇಲೆ ಒಂದು ಗುಟುಕು ನೀರು ಕುಡಿದರೆ ಗಂಟಲವರೆಗೂ ಸಿಹಿ. ತೋಟದ್ದರಲ್ಲೂ ಆ ಸಿಹಿ ಉಂಟು, ಬೇಗ ಮಾಯವಾಗುತ್ತದೆ.

ನನಗೆ ನಿಜವಾದ ಪರೀಕ್ಷೆ ನೆಲ್ಲಿ ಚಟ್ಟು. ಕಾಯಿಯನ್ನು ಒರಳಲ್ಲಿ ಉಪ್ಪು, ಅರಿಶಿನದೊಂದಿಗೆ ಜಜ್ಜಿ, ಎರಡು ಮೂರು ದಿನ ಬಿಟ್ಟು, ಬೀಜ ತೆಗೆದು, ಹುರಿದ ಮೆಂತ್ಯದ ಪುಡಿ ಮತ್ತು ಇಂಗು ಬೆರೆಸಿ ಮತ್ತೆ ಕುಟ್ಟಬೇಕು. ಬೆಟ್ಟದ್ದರ ಬೀಜ ತೆಗೆಯುವುದಕ್ಕೆ ತಾಳ್ಮೆ ಬೇಕು. ಏಣುಗಳಿರುವ ಗಟ್ಟಿ ಬೀಜಕ್ಕೆ ತಿರುಳು ನಾರಿನ ಸಮೇತ ಅಂಟಿಕೊಂಡಿರುತ್ತದೆ, ಬೆರಳ ತುದಿ ಉಪ್ಪಿಗೆ ಸುಕ್ಕುಗಟ್ಟುತ್ತದೆ. ಆದರೂ ಭರಣಿಯಲ್ಲಿ ಮುಂದಿನ ಕಾರ್ತಿಕದವರೆಗೆ ಕೆಡದೆ ಕೂರುತ್ತದೆ. ಬಿಸಿ ಜೋಳದ ರೊಟ್ಟಿ, ಚಟ್ಟಿನ ಮೇಲೆ ಶೇಂಗಾ ಎಣ್ಣೆಯ ಒಗ್ಗರಣೆ ಇದ್ದರೆ ನಮ್ಮ ಮನೆಯಲ್ಲಿ ಪಲ್ಯ ಕೇಳುವವರಿಲ್ಲ. ಎನ್‌ಎ-7 ಚಟ್ಟು ಬೇಗ ಆಗುತ್ತದೆ, ಆದರೆ ನೀರು ಬಿಡುತ್ತದೆ. ಉಪ್ಪು ಕಡಿಮೆಯಾದರೆ ಬೇಸಿಗೆ ಹೊತ್ತಿಗೆ ಬೂಷ್ಟು. ನಾರು ಹೆಚ್ಚಿರುವ ಚಕೈಯಾ ಅದಕ್ಕಿಂತ ವಾಸಿ. ಯಾವುದನ್ನೇ ಆಗಲಿ ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಬೇಡಿ. ನೆಲ್ಲಿಯ ಟ್ಯಾನಿನ್ ಕಬ್ಬಿಣಕ್ಕೆ ತಾಗಿ ಹೋಳೆಲ್ಲ ಕಪ್ಪಾಗುತ್ತದೆ.

ಮೊರಬ್ಬದಲ್ಲಿ ಬೆಟ್ಟದ್ದು ಸೋತಿತು. ಪಾಕದಲ್ಲಿ ಮುದುರಿ, ಬರೀ ಬೀಜಕ್ಕೆ ಸಕ್ಕರೆ ಹಚ್ಚಿದಂತಾಯಿತು. ತೋಟದ ಕಾಯಿಗೆ ಮುಳ್ಳುಚಮಚದಿಂದ ಚುಚ್ಚಿ, ಬೇಯಿಸಿ ಪಾಕಕ್ಕೆ ಬಿಟ್ಟರೆ ಒಳಗಿನವರೆಗೂ ಸಿಹಿ ಇಳಿಯುತ್ತದೆ. ಉಪ್ಪಿನಕಾಯಿಗೂ ಅದೇ ಸರಿ. ಹಬೆಯಲ್ಲಿ ಬೆಂದರೆ ಗೆರೆಗುಂಟ ಹೋಳುಗಳು ತಾವೇ ಬಿಚ್ಚಿಕೊಳ್ಳುತ್ತವೆ.

ಬೆಟ್ಟದ ರುಚಿ ಹತ್ತಿತೆಂದು ಚಿಂಚೋಳಿ ಕಾಡಿಗೆ ನುಗ್ಗುವ ಉಮೇದು ಮಾತ್ರ ಬೇಡ. 2011ರಿಂದ ಅದು ವನ್ಯಜೀವಿಧಾಮ, ಅಲ್ಲಿನ ಕಾಯಿ ಜಿಂಕೆಗಳ ಪಾಲು. ಹೊಲದ ಬದುವಿನದೇ ಎಂದು ವಿಚಾರಿಸಿ ಕೊಳ್ಳುತ್ತೇನೆ. ಕೊಂಬೆ ಕಡಿದು ಹೊರೆ ಕಟ್ಟಿ ತಂದದ್ದನ್ನು ಮುಟ್ಟುವುದಿಲ್ಲ. ಹಾಗೆ ಕಡಿದರೆ ಮುಂದಿನ ವರ್ಷದ ಫಸಲಿಗೇ ಕೊಡಲಿ. ತುಳಸಿ ಮದುವೆಗೆ ಒಂದು ಸಣ್ಣ ರೆಂಬೆ ಸಾಕು.